ಅವ್ವ ತಿಂದ ಗುಳಿಗೆಯಿಂದ ಮಗಳ ಗರ್ಭಕೋಶ ಕೆಡುತ್ತದಾ? ಭಾಲ್ಕಿಯ ತಂಗಿಗೆ ಉತ್ತರ

ಪ್ರಶ್ನೆ: ನನಗೆ 29 ವರ್ಷ, ಊರು ಭಾಲ್ಕಿ. ಮದುವೆಯಾಗಿ ಐದು ವರ್ಷ, ಹೊಟ್ಟೆ ನಿಂತಿಲ್ಲ. ಎಚ್‌ಎಸ್‌ಜಿ (ಡೈ ಹಾಕಿ ತೆಗೆಯುವ ಗರ್ಭಕೋಶದ ಎಕ್ಸ್‌ರೇ) ಮಾಡಿಸಿದೆ, ಗರ್ಭಕೋಶ 'ಟಿ' ಆಕಾರದಲ್ಲಿದೆ ಎಂದು ರಿಪೋರ್ಟ್ ಬಂದಿದೆ. ನೆಟ್‌ನಲ್ಲಿ ಹುಡುಕಿದರೆ, ತಾಯಿ ಬಸುರಿ ಇದ್ದಾಗ ಡಿಇಎಸ್ ಎಂಬ ಔಷಧ ತಿಂದಿದ್ದರೆ ಮಗಳಿಗೆ ಹೀಗಾಗುತ್ತದೆ, ಕ್ಯಾನ್ಸರೂ ಬರುತ್ತದೆ ಎಂದಿದೆ. ನಾನು ಹೊಟ್ಟೆಯಲ್ಲಿದ್ದಾಗ ನಮ್ಮವ್ವನಿಗೆ ಗರ್ಭ ನಿಲ್ಲಲಿ ಅಂತ ಗುಳಿಗೆ, ಸೂಜಿ ಕೊಟ್ಟಿದ್ದರಂತೆ. ಅತ್ತೆ ಮನೆಯಲ್ಲಿ ಎಲ್ಲರೂ ಅವ್ವನನ್ನೇ ದೂರುತ್ತಿದ್ದಾರೆ. ಎರಡು ವರ್ಷದಿಂದ ಮುಟ್ಟು ಕೂಡ ಬಹಳ ಕಮ್ಮಿ. ಏನು ಮಾಡಲಿ?

ಉತ್ತರ:

ತಂಗಿ, ನಿಮ್ಮವ್ವನನ್ನು ಈ ಜಗಳದಿಂದ ಮೊದಲು ಹೊರಗೆ ಬಿಡಿ. ನೀವು ಹುಟ್ಟಿದ ಕಾಲಕ್ಕೂ ಡಿಇಎಸ್ ಕಾಲಕ್ಕೂ ತಾಳೆಯಾಗುವುದಿಲ್ಲ. ನಿಮ್ಮ ಪ್ರಶ್ನೆ ಓದಿದಾಗ ನನ್ನ ತಲೆಗೆ ಬಂದದ್ದು ಬೇರೆ ಕಾಯಿಲೆ. ಅದನ್ನೂ ಹೇಳುತ್ತೇನೆ. ನಾನು ಡಾಕ್ಟರ್ ಅಲ್ಲ. ಕಲಬುರಗಿಯಲ್ಲಿ ಸ್ತ್ರೀರೋಗ ವಿಭಾಗದಲ್ಲಿ ಸ್ಟಾಫ್ ನರ್ಸ್ ಆಗಿದ್ದು ರಿಟೈರ್ ಆದವಳು.

ಡಿಇಎಸ್ ಅಂದರೆ ಡೈಈಥೈಲ್‌ಸ್ಟಿಲ್ಬೆಸ್ಟ್ರಾಲ್. ಈಸ್ಟ್ರೋಜೆನ್ ಹಾರ್ಮೋನಿನ ಕೆಲಸ ಮಾಡುವ ಔಷಧ. 1938ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಡಾಡ್ಸ್ ಮತ್ತು ಜೊತೆಯವರು ತಯಾರಿಸಿದರು. ಪೇಟೆಂಟ್ ಮಾಡಿಸಲಿಲ್ಲ. ಹಾಗಾಗಿ ಸಿಕ್ಕ ಸಿಕ್ಕ ಕಂಪನಿಯೆಲ್ಲ ಅಗ್ಗವಾಗಿ ಮಾರಿತು. ಬಾಸ್ಟನ್ನಿನ ಸ್ಮಿತ್ ದಂಪತಿ ಇದರಿಂದ ಗರ್ಭ ಉಳಿಯುತ್ತದೆ ಎಂದರು. ಅಮೆರಿಕದಲ್ಲಿ ಲಕ್ಷಗಟ್ಟಲೆ ಬಸುರಿಯರು ತಿಂದರು. 1953ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದವರು ಅರ್ಧ ಜನರಿಗೆ ಡಿಇಎಸ್, ಅರ್ಧ ಜನರಿಗೆ ಬರೀ ಸಕ್ಕರೆ ಗುಳಿಗೆಯಂಥದ್ದು ಕೊಟ್ಟು ನೋಡಿದರು. ಗರ್ಭ ಉಳಿಯುವುದರಲ್ಲಿ ಏನೂ ಲಾಭ ಕಾಣಲಿಲ್ಲ. ಆದರೂ ಬರೆಯುವುದು ನಿಲ್ಲಲಿಲ್ಲ, ಇನ್ನೂ 18 ವರ್ಷ ನಡೆಯಿತು! ನನಗೆ ಸಿಟ್ಟು ಬರುವುದು ಇದಕ್ಕೇ. ತೊಂದರೆ ಆಮೇಲೆ ಗೊತ್ತಾಯಿತು ಅಂತ ಬಿಡಬಹುದು. ಉಪಯೋಗ ಇಲ್ಲ ಅಂತ ಗೊತ್ತಿದ್ದೂ ಕೊಟ್ಟಿದ್ದಕ್ಕೆ ಏನು ಹೇಳೋದು?

ತೊಂದರೆ ಹೊರಬಿದ್ದದ್ದು 1971ರಲ್ಲಿ. ಬಾಸ್ಟನ್ನಿನ ಡಾಕ್ಟರ್ ಆರ್ಥರ್ ಹರ್ಬ್‌ಸ್ಟ್ ಮತ್ತು ಜೊತೆಯವರು ಯೋನಿಯ ಒಂದು ಅಪರೂಪದ ಕ್ಯಾನ್ಸರ್ ಬಂದ ಎಂಟು ಹುಡುಗಿಯರ ವಿಷಯ ಬರೆದರು. ಎಲ್ಲರೂ 15ರಿಂದ 22 ವರ್ಷದವರು. ಅವರಲ್ಲಿ ಏಳು ಹುಡುಗಿಯರ ತಾಯಂದಿರು ಬಸುರಿಯಲ್ಲಿ ಡಿಇಎಸ್ ತಿಂದಿದ್ದರು. ಒಬ್ಬ ತಾಯಿ ತಾನೇ ಬಾಯಿಬಿಟ್ಟು, 'ಆಗ ತಿಂದ ಗುಳಿಗೆಯಿಂದ ಆಗಿರಬಹುದಾ' ಎಂದು ಕೇಳಿದ್ದೇ ಸುಳಿವು ಕೊಟ್ಟಿತು. ಅದೇ ವರ್ಷದ ಕೊನೆಗೆ ಬಸುರಿಯರಿಗೆ ಇದನ್ನು ಕೊಡಬೇಡಿ ಎಂದು ಅಮೆರಿಕದ ಔಷಧ ಇಲಾಖೆ ಹೇಳಿತು. ಯುರೋಪಿನ ಕೆಲವು ದೇಶಗಳಲ್ಲಿ ನಿಲ್ಲಲು ಇನ್ನೂ ಕೆಲವು ವರ್ಷ ಹಿಡಿಯಿತು.

ಆ ಕ್ಯಾನ್ಸರ್ ಬರುವುದು ಡಿಇಎಸ್ ತಿಂದವರ ಹೆಣ್ಮಕ್ಕಳಲ್ಲಿ ಸಾವಿರಕ್ಕೆ ಸುಮಾರು ಒಬ್ಬರಿಗೆ. ನೆಟ್‌ನಲ್ಲಿ ಓದಿದರೆ ಎಲ್ಲರಿಗೂ ಬಂತು ಅನ್ನುವ ಹಾಗೆ ಬರೆದಿರುತ್ತಾರೆ. ಜಾಸ್ತಿ ಜನರಿಗೆ ಕಾಡಿದ್ದು ಮಕ್ಕಳಾಗುವ ವಿಷಯದಲ್ಲಿ. 2011ರಲ್ಲಿ ಬಂದ ದೊಡ್ಡ ಅಧ್ಯಯನದ ಪ್ರಕಾರ ಇಂಥ ಹೆಣ್ಮಕ್ಕಳಲ್ಲಿ ನೂರಕ್ಕೆ 33 ಜನರಿಗೆ ಮಕ್ಕಳಾಗುವ ತೊಂದರೆ, ಉಳಿದವರಲ್ಲಿ 15 ಜನರಿಗೆ. ದಿನ ತುಂಬದ ಹೆರಿಗೆ ಇವರಲ್ಲಿ ನೂರಕ್ಕೆ 53, ಉಳಿದವರಲ್ಲಿ 18. ಟ್ಯೂಬಿನಲ್ಲಿ (ಗರ್ಭನಾಳದಲ್ಲಿ) ಗರ್ಭ ನಿಲ್ಲುವುದು, ಮುಟ್ಟು ಬೇಗ ನಿಲ್ಲುವುದು, 40 ದಾಟಿದ ಮೇಲೆ ಸ್ತನ ಕ್ಯಾನ್ಸರ್, ಇವೂ ಜಾಸ್ತಿ.

ನನ್ನ ನೌಕರಿಯಲ್ಲಿ ಡಿಇಎಸ್ ಮಗಳು ಅಂತ ಗೊತ್ತಿದ್ದು ನೋಡಿದ್ದು ಒಬ್ಬರನ್ನೇ. ಅವರಪ್ಪ ಓದಲು ಅಮೆರಿಕಕ್ಕೆ ಹೋಗಿದ್ದಾಗ, 1960ರ ದಶಕದಲ್ಲಿ ಅಲ್ಲೇ ಹುಟ್ಟಿದವರು, ಮದುವೆಯಾಗಿ ನಮ್ಮ ಕಡೆ ಬಂದಿದ್ದರು. ಅವರ ಎರಡೂ ಹೆರಿಗೆ ದಿನ ತುಂಬದೆ ಆಗಿದ್ದವು. ಡಾಕ್ಟರ್ ಮೇಡಂ ಕಾಲ್ಪೋಸ್ಕೋಪ್ (ದೊಡ್ಡದಾಗಿ ತೋರಿಸುವ ದುರ್ಬೀನು) ಇಟ್ಟು ಒಳಗೆ ಅಯೋಡಿನ್ ಹಚ್ಚಿದರು, ನಾನು ಟ್ರೇ ಹಿಡಿದು ನಿಂತಿದ್ದೆ. ಸರಿಯಾದ ಪದರ ಅಯೋಡಿನ್ ಕುಡಿದು ದಟ್ಟ ಕಂದು ಆಗುತ್ತದೆ. ಅವರಿಗೆ ಗರ್ಭಕೋಶದ ಬಾಯಿಯ ಸುತ್ತ, ಯೋನಿಯ ಮೇಲ್ಭಾಗದ ಗೋಡೆಯಲ್ಲಿ ಕಂದಿನ ನಡುವೆ ಮಾಸಲು ಹಳದಿ ತೇಪೆಗಳು ಉಳಿದವು. ಕೂಸು ಹೊಟ್ಟೆಯಲ್ಲಿರುವಾಗ ಬದಲಾಗಬೇಕಿದ್ದ ಪದರ ಡಿಇಎಸ್‌ನಿಂದಾಗಿ ಅರ್ಧಕ್ಕೇ ನಿಂತ ಗುರುತು ಅದು. ಕ್ಯಾನ್ಸರ್ ಅಲ್ಲ. ಆದರೆ ಇಂಥವರಿಗೆ ವರ್ಷಕ್ಕೊಮ್ಮೆ ತಪಾಸಣೆ ಬೇಕು, ಪ್ಯಾಪ್ ಟೆಸ್ಟಿಗೆ (ಕ್ಯಾನ್ಸರ್ ಸುಳಿವು ಹುಡುಕುವ ಪರೀಕ್ಷೆ) ಜೀವಕೋಶ ತೆಗೆಯುವಾಗ ಗರ್ಭಕೋಶದ ಬಾಯಿಂದ ಮಾತ್ರ ಸಾಲದು, ಯೋನಿಯ ಸುತ್ತಲ ಗೋಡೆಯಿಂದಲೂ ತೆಗೆಯಬೇಕು. 1971ರವರೆಗೆ, ಯುರೋಪಾದರೆ ಇನ್ನೂ ಕೆಲವು ವರ್ಷ ಆಮೇಲೂ, ಹೊರದೇಶದಲ್ಲಿ ಹುಟ್ಟಿದ ಅಕ್ಕಂದಿರು ಯಾರಾದರೂ ಇದನ್ನು ಓದುತ್ತಿದ್ದರೆ ಡಾಕ್ಟರ ಹತ್ತಿರ ಇಷ್ಟನ್ನು ಬಾಯಿಬಿಟ್ಟು ಹೇಳಿ. ಅವರಾಗಿ ಕೇಳುವುದಿಲ್ಲ.

ಈಗ ನಿಮ್ಮವ್ವನ ಗುಳಿಗೆ. 1995–96ರ ಹೊತ್ತಿಗೆ ನಮ್ಮ ಕಡೆ ಗರ್ಭ ನಿಲ್ಲಲು ಬರೆಯುತ್ತಿದ್ದದ್ದು ಪ್ರೊಲುಟಾನ್ ಡಿಪೋ ಸೂಜಿ, ಗೆಸ್ಟಾನಿನ್ ಗುಳಿಗೆ, ಹೊಟ್ಟೆ ಹಿಂಡಿದರೆ ಡುವಾಡಿಲಾನ್. ಮೊದಲೆರಡು ಪ್ರೊಜೆಸ್ಟೆರಾನ್ ಹಾರ್ಮೋನಿನ ಜಾತಿಯವು, ಡಿಇಎಸ್ ಥರ ಈಸ್ಟ್ರೋಜೆನ್ ಜಾತಿ ಅಲ್ಲ. ಮೂರನೆಯದು ಹಾರ್ಮೋನೇ ಅಲ್ಲ, ಗರ್ಭಕೋಶದ ಬಿಗಿ ಸಡಿಲಿಸುವ ಔಷಧ. ಪ್ರೊಲುಟಾನ್ ಒಳಗಿನ ಔಷಧದ ಬಗ್ಗೆ 2021ರಲ್ಲಿ ಕ್ಯಾಲಿಫೋರ್ನಿಯಾದಿಂದ ಒಂದು ವರದಿ ಬಂತು. 1960ರ ದಶಕದಲ್ಲಿ ಅದನ್ನು ತೆಗೆದುಕೊಂಡ ತಾಯಂದಿರ ಮಕ್ಕಳಲ್ಲಿ ಮುಂದೆ ಕ್ಯಾನ್ಸರ್ ಸುಮಾರು ಎರಡು ಪಟ್ಟು ಕಂಡಿತು ಅಂತ. ಸೂಜಿ ತೆಗೆದುಕೊಂಡವರ ಸಂಖ್ಯೆ ಅದರಲ್ಲಿ ಚಿಕ್ಕದು, ಅದನ್ನು ಓದಿ ನಿದ್ದೆ ಕೆಡಿಸಿಕೊಳ್ಳಬೇಡಿ. ಆದರೆ ಡಾಕ್ಟರ್ ಹಿಸ್ಟರಿ ಕೇಳಿದಾಗ ಮುಚ್ಚಿಡಲೂ ಬೇಡಿ. ಗರ್ಭಕೋಶ 'ಟಿ' ಆಗುವುದಕ್ಕೂ ಈ ಸೂಜಿಗೂ ಸಂಬಂಧ ಇದೆ ಅಂತ ಕಂಡುಬಂದಿಲ್ಲ.

ಹಾಗಾದರೆ 'ಟಿ' ಆಕಾರ ಎಲ್ಲಿಂದ ಬಂತು? ಕೆಲವರಿಗೆ ಹುಟ್ಟಿನಿಂದಲೇ ಇರುತ್ತದೆ. ಕೆಲವೊಮ್ಮೆ ಎಚ್‌ಎಸ್‌ಜಿ ಮಾಡುವಾಗ ನೋವಿಗೆ ಗರ್ಭಕೋಶ ಬಿಗಿಹಿಡಿದು, ಡೈ ಸರಿಯಾಗಿ ತುಂಬದೆ ಫಿಲ್ಮಿನಲ್ಲಿ ಹಾಗೆ ಕಾಣುತ್ತದೆ. ನಮ್ಮ ದೇಶದಲ್ಲಿ ಇನ್ನೊಂದು ದೊಡ್ಡ ಕಾರಣ ಇದೆ, ಅಮೆರಿಕದ ಲೇಖನಗಳಲ್ಲಿ ಅದರ ಹೆಸರು ಸಿಗುವುದು ಕಮ್ಮಿ. ಗರ್ಭಕೋಶದ ಟಿಬಿ. ನೀವು ಕೊನೆಗೆ ಸುಮ್ನೆ ಸೇರಿಸಿದ ಹಾಗೆ ಬರೆದಿದ್ದೀರಲ್ಲ, ಮುಟ್ಟು ಕಮ್ಮಿಯಾಗಿದೆ ಅಂತ? ನನ್ನ ಕಣ್ಣು ನಿಂತದ್ದು ಅಲ್ಲಿ. ಟಿಬಿ ಒಳಪದರವನ್ನು ತಿಂದು ಗಾಯ ಕಟ್ಟಿಸಿದಾಗ ಮುಟ್ಟು ಇಳಿಯುತ್ತದೆ, ಒಳಗಿನ ಜಾಗ ಕುಗ್ಗಿ 'ಟಿ' ಆಗುತ್ತದೆ.

ಟಿಬಿ ಅಂದಕೂಡಲೇ ನಮ್ಮ ಜನ ಕೆಮ್ಮು, ಕಫ ಅಂತಾರೆ. ಇದರಲ್ಲಿ ಕೆಮ್ಮು ಇರಲೇಬೇಕಂತಿಲ್ಲ. ಯಾವತ್ತೋ ಶ್ವಾಸಕೋಶಕ್ಕೆ ಬಂದ ಕ್ರಿಮಿ ರಕ್ತದಲ್ಲಿ ಹರಿದು ಟ್ಯೂಬಿಗೆ ಹೋಗಿ ಕೂತಿರುತ್ತದೆ. ಹಾಗಾಗಿ ರಿಪೋರ್ಟಿನ ಮುಂದಿನ ಸಾಲು ಓದಿ, ಟ್ಯೂಬ್ ಬಗ್ಗೆ ಏನು ಬರೆದಿದ್ದಾರೆ? ಎರಡೂ ಕಡೆ ಬ್ಲಾಕ್, ಅಥವಾ ಟ್ಯೂಬ್ ಮಣಿ ಪೋಣಿಸಿದ ಹಾಗಿದೆ ಅಂತ ಇದ್ದರೆ ಟಿಬಿ ಅನುಮಾನ ಗಟ್ಟಿಯಾಗುತ್ತದೆ. ಟ್ಯೂಬ್ ಎರಡೂ ಸರಿಯಿದ್ದರೆ ಕಮ್ಮಿಯಾಗುತ್ತದೆ.

ಬರೀ ರಿಪೋರ್ಟ್ ಕಾಗದ ಒಯ್ಯಬೇಡಿ, ಎಕ್ಸ್‌ರೇ ಫಿಲ್ಮ್ ಕೂಡ ಒಯ್ಯಿರಿ. ಬೀದರಿನ ಬ್ರಿಮ್ಸ್ ಸರ್ಕಾರಿ ಆಸ್ಪತ್ರೆ ನಿಮಗೆ ಹತ್ತಿರ, ಕಲಬುರಗಿಯ ಜಿಮ್ಸ್ ಆದರೂ ಸರಿ. ಡಾಕ್ಟರ್ ಹಿಸ್ಟರೋಸ್ಕೋಪಿ (ಗರ್ಭಕೋಶದೊಳಗೆ ಸಣ್ಣ ಕ್ಯಾಮೆರಾ ಬಿಟ್ಟು ನೋಡುವುದು) ಅಥವಾ 3ಡಿ ಸ್ಕ್ಯಾನ್ ಹೇಳಬಹುದು, ಆಕಾರ ನಿಜವಾಗಿ 'ಟಿ' ಹೌದೋ ಅಲ್ಲವೋ ಅದರಲ್ಲಿ ತಿಳಿಯುತ್ತದೆ. ಗರ್ಭಕೋಶದ ಒಳಪದರದ ಚೂರು ತೆಗೆದು ಟಿಬಿಗೆ ಕಳಿಸಬೇಕು. ಮುಟ್ಟು ಬರುವುದಕ್ಕೆ ಸ್ವಲ್ಪ ಮುಂಚೆ ತೆಗೆದರೆ ಒಳ್ಳೆಯದು. ಒಂದು ಸಣ್ಣ ವಿಷಯ: ಆ ಚೂರನ್ನು ಎರಡು ಡಬ್ಬಿಯಲ್ಲಿ ಹಾಕಬೇಕು. ಒಂದರಲ್ಲಿ ಫಾರ್ಮಲಿನ್, ಅದು ಬಯಾಪ್ಸಿಗೆ. ಇನ್ನೊಂದರಲ್ಲಿ ಬರೀ ಸಲೈನ್, ಅದು ಸಿಬಿನ್ಯಾಟ್ (ಟಿಬಿ ಕ್ರಿಮಿಯ ಜೀನ್ ಹುಡುಕುವ ಟೆಸ್ಟ್) ಮತ್ತು ಕಲ್ಚರ್‌ಗೆ (ಕ್ರಿಮಿ ಬೆಳೆಸಿ ನೋಡುವುದು). ಪೂರ್ತಿ ಫಾರ್ಮಲಿನ್‌ಗೆ ಹಾಕಿಬಿಟ್ಟರೆ ಕ್ರಿಮಿ ಅಲ್ಲೇ ಸಾಯುತ್ತದೆ, ಕಲ್ಚರ್ ಬೆಳೆಯುವುದಿಲ್ಲ. ಕೈಗೆ ಡಬ್ಬಿ ಕೊಟ್ಟು ಲ್ಯಾಬಿಗೆ ಹೋಗಿ ಬನ್ನಿ ಅಂದರೆ ನಾಚಿಕೆ ಬಿಟ್ಟು ಕೇಳಿ, 'ಸಿಸ್ಟರ್, ಸಲೈನ್ ಡಬ್ಬಿ ಯಾವುದು?' ಯಾರಾದರೂ ರಕ್ತ ತೆಗೆದು ಟಿಬಿ ಆ್ಯಂಟಿಬಾಡಿ ಟೆಸ್ಟ್ ಮಾಡುತ್ತೇವೆ ಅಂದರೆ ಬೇಡ ಅನ್ನಿ. ಅಂಥ ಟೆಸ್ಟುಗಳನ್ನು ಸರ್ಕಾರ 2012ರಲ್ಲೇ ನಿಷೇಧ ಮಾಡಿದೆ.

ಟಿಬಿ ಅಂತ ಬಂದರೆ ಔಷಧ ಆರು ತಿಂಗಳು, ಸರ್ಕಾರಿ ದವಾಖಾನೆಯಲ್ಲಿ ಪುಕ್ಕಟೆ. ಊಟದ ಖರ್ಚಿಗೆ ತಿಂಗಳಿಗೆ 1,000 ರೂಪಾಯಿ ಬ್ಯಾಂಕ್ ಖಾತೆಗೆ ಬರುತ್ತದೆ. ಶುರು ಮಾಡಿದ ಮೇಲೆ ಮೂತ್ರ ಕಿತ್ತಳೆ ಬಣ್ಣಕ್ಕೆ ಬರುತ್ತದೆ, ಗಾಬರಿ ಬೇಡ, ಅದು ರಿಫಾಂಪಿಸಿನ್ ಎಂಬ ಟಿಬಿ ಔಷಧದ ಬಣ್ಣ. ಬೇಗ ಹಿಡಿದರೆ ಹೊಟ್ಟೆ ನಿಲ್ಲುವ ದಾರಿ ಇದೆ. ಒಳಪದರ ತುಂಬಾ ಹಾಳಾಗಿದ್ದರೆ ಕಷ್ಟ, ಅದನ್ನು ಸುಳ್ಳು ಹೇಳಲಾರೆ. ಅದಕ್ಕೇ ಈ ಶ್ರಾವಣ ಮುಗಿಯಲಿ, ದೀಪಾವಳಿ ಆಗಲಿ ಅಂತ ಮುಂದೆ ಹಾಕಬೇಡಿ.

ಅಂದಹಾಗೆ, ಇಷ್ಟುದ್ದದ ಪ್ರಶ್ನೆಯಲ್ಲಿ ನಿಮ್ಮ ಯಜಮಾನರ ತಪಾಸಣೆಯ ಸುದ್ದಿಯೇ ಇಲ್ಲ. ಎಚ್‌ಎಸ್‌ಜಿಯಲ್ಲಿ ಎಷ್ಟು ನೋವಾಗುತ್ತದೆ ಅಂತ ನಿಮಗೆ ಈಗ ಗೊತ್ತು. ವೀರ್ಯ ಪರೀಕ್ಷೆಗೆ ಒಂದು ಡಬ್ಬಿ ಸಾಕು. ಮುಂದಿನ ಸಲ ದವಾಖಾನೆಗೆ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ, ಅತ್ತೆಯವರು ಬೇಡ ಅಂದರೂ.