ನಾವು ಮಗಳ ಮುಂದೆ ಜಗಳ ಆಡೋದೇ ಇಲ್ಲ, ಮತ್ಯಾಕೆ ಹೊಟ್ಟೆನೋವು?

"ಮಗುವಿನ ಮುಂದೆ ನಾವು ಜಗಳ ಆಡಲ್ಲ ಡಾಕ್ಟ್ರೇ." ಈ ಮಾತನ್ನು ವರ್ಷಗಳಿಂದ ಕೇಳುತ್ತಿದ್ದೇನೆ. ಕೇಳಿದಾಗಲೆಲ್ಲ ನನಗೆ ಕಿರಿಕಿರಿಯಾಗುತ್ತದೆ. ಹಾಗಾಗಿ ಈ ಸಲ ಜಾಸ್ತಿ ಜಾಗ ಇದಕ್ಕೇ.

ಪ್ರಶ್ನೆ: ಮಗಳಿಗೆ 9 ವರ್ಷ. ಸ್ಕೂಲಿಗೆ ಹೊರಡುವ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು ಅಂತಾಳೆ. ಸ್ಕ್ಯಾನಿಂಗ್, ರಕ್ತ ಪರೀಕ್ಷೆ ಎಲ್ಲ ನಾರ್ಮಲ್. ನನಗೂ ನಮ್ಮ ಯಜಮಾನರಿಗೂ ನಾಲ್ಕು ತಿಂಗಳಿಂದ ಮಾತಿಲ್ಲ. ಆದರೆ ಅವಳ ಮುಂದೆ ಒಂದು ದಿನವೂ ಜಗಳ ಆಡಿಲ್ಲ. ದೃಷ್ಟಿಯಾಗಿದೆ ಅಂತ ಅತ್ತೆ ತಾಯತ ಕಟ್ಟಿಸಿದ್ದಾರೆ. ಏನು ಮಾಡಲಿ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ನೋಡಿಮ್ಮ, ನಾಲ್ಕು ತಿಂಗಳು ಮಾತು ಬಿಟ್ಟಿರೋದೂ ಜಗಳವೇ. ನಿಮ್ಮ ಮಗಳು ಅದನ್ನು ದಿನಾ ನೋಡುತ್ತಿದ್ದಾಳೆ.

ಅಪ್ಪ ಅಮ್ಮ ಮಾತು ಬಿಟ್ಟ ಮನೆಯಲ್ಲಿ ಸುದ್ದಿ ಸಾಗಿಸುವ ಕೆಲಸ ಮಗುವಿನ ತಲೆಗೆ ಬರುತ್ತದೆ. "ನಿಮ್ಮಪ್ಪಂಗೆ ಊಟಕ್ಕೆ ಬರೋಕೆ ಹೇಳು." "ಬೀರು ಬೀಗದಕೈ ಎಲ್ಲಿಟ್ಟಿದ್ದಾಳೆ ಅಂತ ನಿಮ್ಮಮ್ಮನ್ನ ಕೇಳು." ಅಡುಗೆಮನೆಯಿಂದ ಹಾಲಿಗೆ ಹತ್ತು ಹೆಜ್ಜೆ. ಅಷ್ಟರೊಳಗೆ ಆ ಮಗು ನಿಮ್ಮ ಮಾತಿನಲ್ಲಿರುವ ಸಿಟ್ಟು ತೆಗೆದು, ಮೆತ್ತಗೆ ಮಾಡಿ ಅಪ್ಪನಿಗೆ ಮುಟ್ಟಿಸಬೇಕು. ನಿಮಗಿಬ್ಬರಿಗೂ ಆಗದ ಕೆಲಸವನ್ನು ಅವಳು ಮಾಡುತ್ತಿದ್ದಾಳೆ.

ನನ್ನ ಹತ್ತಿರ ಬರುತ್ತಿದ್ದ ಎಂಟು ವರ್ಷದ ಹುಡುಗನೊಬ್ಬ ಹೇಳಿದ್ದ: "ಅಪ್ಪ ಬೈಕ್ ಸ್ಟ್ಯಾಂಡ್ ಹಾಕೋ ಸದ್ದಲ್ಲೇ ನಂಗೆ ಗೊತ್ತಾಗತ್ತೆ, ಟಿವಿ ಆಫ್ ಮಾಡ್ಬೇಕಾ ಬೇಡ್ವಾ ಅಂತ." ಅವನ ಅಪ್ಪ ಅಮ್ಮನೂ ಅವನ ಮುಂದೆ ಜಗಳ ಆಡಿದವರಲ್ಲ.

ಮಾತು ಬಾರದ ಕೂಸಿಗೂ ಇದು ತಟ್ಟುತ್ತದೆ. ಅಮೆರಿಕದ ಒರೆಗಾನ್‌ನಲ್ಲಿ 6ರಿಂದ 12 ತಿಂಗಳ 20 ಕೂಸುಗಳಿಗೆ, ನಿದ್ದೆಯಲ್ಲಿದ್ದಾಗ, ಸಿಟ್ಟಿನ ದನಿ ಕೇಳಿಸಿ ಮೆದುಳಿನ ಸ್ಕ್ಯಾನ್ ಮಾಡಿದ್ದರು. ಅದರ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಅಪ್ಪ ಅಮ್ಮನ ಜಗಳ ಜಾಸ್ತಿ ಇದ್ದ ಮನೆಯ ಕೂಸುಗಳ ಮೆದುಳು ಆ ದನಿಗೆ ಜಾಸ್ತಿ ಸ್ಪಂದಿಸಿತ್ತು. ಸಣ್ಣ ಅಧ್ಯಯನ, ನಿಜ. ಆದರೆ "ಮಗು ಮಲಗಿದೆ ಬಿಡಿ" ಅನ್ನುವವರು ಇದನ್ನೊಮ್ಮೆ ನೆನೆಸಿಕೊಳ್ಳಲಿ.

ಹೊಟ್ಟೆನೋವು ನಾಟಕ ಅಲ್ಲ. ಕರುಳಿಗೂ ಮೆದುಳಿಗೂ ನರಗಳ ನಂಟಿದೆ, ಆತಂಕವಾದರೆ ಹೊಟ್ಟೆ ನಿಜವಾಗಿಯೂ ನೋಯುತ್ತದೆ. ಸ್ಕೂಲಿನ ಹೊತ್ತಿಗೇ ಯಾಕೆ ಅಂತೀರಾ? ತಾನು ಮನೆಯಲ್ಲಿಲ್ಲದಾಗ ನಿಮ್ಮಿಬ್ಬರ ನಡುವೆ ಏನಾಗುತ್ತದೋ ಅನ್ನುವ ಭಯ ಇಂಥ ಮಕ್ಕಳಿಗೆ ಇರುತ್ತದೆ. ಸ್ಕೂಲಿನಲ್ಲಿ ಯಾರಾದರೂ ಕಾಡಿಸುತ್ತಾರಾ ಅಂತಲೂ ವಿಚಾರಿಸಿ. ತೂಕ ಇಳಿದರೆ, ನೋವಿಗೆ ರಾತ್ರಿ ಎಚ್ಚರವಾದರೆ, ಪದೇ ಪದೇ ವಾಂತಿಯಾದರೆ, ಮಲದಲ್ಲಿ ರಕ್ತ ಕಂಡರೆ ಮಕ್ಕಳ ಡಾಕ್ಟರಿಗೆ ಮತ್ತೆ ತೋರಿಸಲೇಬೇಕು. ಈ ವಿಷಯದಲ್ಲಿ ನಾನು ಸ್ವಲ್ಪ ಜಾಸ್ತಿಯೇ ಹುಷಾರು.

ಇವತ್ತಿನಿಂದ ಮಗಳ ಕೈಲಿ ಸುದ್ದಿ ಕಳಿಸೋದು ನಿಲ್ಲಿಸಿ. ಮುಖ ನೋಡಿ ಹೇಳೋಕೆ ಆಗದಿದ್ದರೆ ಚೀಟಿ ಬರೆದಿಡಿ, ವಾಟ್ಸಾಪ್ ಮಾಡಿ. ಅವಳನ್ನು ಕೂರಿಸಿಕೊಂಡು ಹೇಳಿ: "ನಮ್ಮಿಬ್ಬರಿಗೂ ಮನಸ್ತಾಪ ಆಗಿದೆ. ನಿನ್ನಿಂದ ಆಗಿದ್ದಲ್ಲ. ಸರಿ ಮಾಡ್ಕೊಳ್ಳೋದು ನಮ್ಮ ಕೆಲಸ." ತನ್ನಿಂದಲೇ ಆಯಿತು ಅಂದುಕೊಳ್ಳುವ ಮಕ್ಕಳನ್ನು ನಾನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ.

ಆಮೇಲೆ, ರಾಜಿಯಾದಾಗ ಅದು ಅವಳಿಗೆ ಕಾಣಲಿ. ಅಮೆರಿಕದ ಮನೋವಿಜ್ಞಾನಿ ಮಾರ್ಕ್ ಕಮಿಂಗ್ಸ್ ದಶಕಗಟ್ಟಲೆ ನಡೆಸಿದ ಅಧ್ಯಯನಗಳಲ್ಲಿ, ಜಗಳ ಬಗೆಹರಿದಿದ್ದನ್ನು ಕಂಡ ಮಕ್ಕಳ ಸಂಕಟ ತುಂಬ ಕಡಿಮೆಯಿತ್ತು. ನಮ್ಮಲ್ಲಿ ನಡುಮನೆಯಲ್ಲಿ ಕೂಗಾಡಿ, ಬಾಗಿಲು ಹಾಕಿಕೊಂಡು ರಾಜಿಯಾಗುತ್ತಾರೆ. ಪಾಪ, ಮಗುವಿಗೆ ಕೂಗಾಟ ಮಾತ್ರ ಗೊತ್ತು. ಹಾಗಂತ ಸುಮ್ನೆ ನಗುಮುಖ ಹಾಕಬೇಡಿ, ಮಕ್ಕಳು ಕಂಡುಹಿಡಿದುಬಿಡುತ್ತಾರೆ.

ಇಬ್ಬರೂ ಆಪ್ತಸಮಾಲೋಚಕರ ಹತ್ತಿರ ಹೋಗಿ. ಯಜಮಾನರು ಬರದಿದ್ದರೆ ನೀವೊಬ್ಬರೇ ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ, ಉಚಿತವಾಗಿ ಮಾತಾಡಬಹುದು. ಅತ್ತೆಯವರ ಮೇಲೆ ನನಗೆ ಬೇಸರವಿಲ್ಲ, ಮೊಮ್ಮಗಳ ಮೇಲಿನ ಪ್ರೀತಿಗೆ ತಾಯತ ಕಟ್ಟಿಸಿದ್ದಾರೆ. ನೋಯುವ ಮಗುವನ್ನು ತೋರಿಸಿ ದುಡ್ಡು ಕೀಳುವವರನ್ನು ಮಾತ್ರ ನಾನು ಕ್ಷಮಿಸಲಾರೆ.

ಇನ್ನೊಂದು ಮಾತು. ಇದೆಲ್ಲ ಹೊಡೆತ ಬಡಿತ ಇಲ್ಲದ ಮನೆಗೆ. ಗಂಡ ಕೈ ಮಾಡುತ್ತಿದ್ದರೆ ರಾಜಿ ಗೀಜಿ ಅಂತ ಕೂರಬೇಡಿ. ಮಹಿಳಾ ಸಹಾಯವಾಣಿ 181 ಅಥವಾ ತುರ್ತು ಸಹಾಯದ 112ಕ್ಕೆ ಫೋನ್ ಮಾಡಿ.

ಪ್ರಶ್ನೆ: ಇನ್ನೊಂದು ಮಗು ಆದರೆ ಸಂಬಂಧ ಸರಿಹೋಗುತ್ತೆ ಅಂತ ಮನೆಯವರು ಹೇಳುತ್ತಾರೆ. ನಿಜವಾ?
ಉತ್ತರ: ಇಲ್ಲ. ಮೊದಲು ಸಂಬಂಧ ಸರಿಮಾಡಿಕೊಳ್ಳಿ.

ಪ್ರಶ್ನೆ: ನಾವು ಬೇರೆಯಾಗುತ್ತಿದ್ದೇವೆ. ಅಪ್ಪ ಬೇಕಾ ಅಮ್ಮ ಬೇಕಾ ಅಂತ ಮಗನನ್ನೇ ಕೇಳೋಣವಾ?
ಉತ್ತರ: ದಯವಿಟ್ಟು ಬೇಡ. ಯಾರ ಹೆಸರು ಹೇಳಿದರೂ ಇನ್ನೊಬ್ಬರಿಗೆ ಮೋಸ ಮಾಡಿದೆ ಅಂತ ಕೊರಗುತ್ತಾನೆ.

ಪ್ರಶ್ನೆ: ಮನೆಯಲ್ಲಿ ಗಲಾಟೆ ಜಾಸ್ತಿ, ಮಗನಿಗೆ ಓದಿನ ಮೇಲೆ ಗಮನವಿಲ್ಲ. ಮಿಡ್‌ಬ್ರೇನ್ ಆಕ್ಟಿವೇಶನ್ ಕ್ಲಾಸಿಗೆ ಸೇರಿಸಲಾ?
ಉತ್ತರ: ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುತ್ತೇವೆ, ಮೆದುಳು ಚುರುಕು ಮಾಡುತ್ತೇವೆ ಅನ್ನುವ ಆ ಕ್ಲಾಸು ಮೋಸ. ಈಗಾಗಲೇ ಫೀಸು ಕಟ್ಟಿದ್ದರೆ ವಾಪಸ್ ಕೇಳಿ. ಗಲಾಟೆಯ ಬಗ್ಗೆ ಮೇಲೆ ಬರೆದಿದ್ದೇನೆ, ಇಬ್ಬರೂ ಕೂತು ಓದಿ.