ಗಂಡನ ಕಣ್ಣು ಬಲಕ್ಕೆ ಹೊರಳಿದರೆ ಸುಳ್ಳು ಅಂತ ಅರ್ಥವಾ?

ಪ್ರಶ್ನೆ: ನಮ್ಮದು ಕಾಸರಗೋಡಿನ ಪೈವಳಿಕೆ ಹತ್ತಿರ. ಇವರು ದುಬೈಯಲ್ಲಿದ್ದಾರೆ. ತಿಂಗಳಿಗೆ 25 ಸಾವಿರ ಕಳಿಸುತ್ತಿದ್ದರು. ನಾಲ್ಕು ತಿಂಗಳಿಂದ ಬರುವುದು 12 ಸಾವಿರ. ಕೇಳಿದರೆ ‘ಓವರ್‌ಟೈಮ್ ಇಲ್ಲ’ ಅಂತ ಒಂದೇ ಮಾತು. ಹಾಗೆ ಹೇಳುವಾಗ ಬೋಟಿಮ್ ಆ್ಯಪ್ ವೀಡಿಯೊ ಕಾಲಿನಲ್ಲಿ ಅವರ ಕಣ್ಣು ಬಲಕ್ಕೆ, ಮೇಲಕ್ಕೆ ಹೋಗುತ್ತದೆ. ಮೂಗು ಉಜ್ಜಿಕೊಳ್ಳುತ್ತಾರೆ. ಇದು ಸುಳ್ಳಿನ ಲಕ್ಷಣ ಅಂತ ಒಂದು ರೀಲ್‌ನಲ್ಲಿ ನೋಡಿದ ಮೇಲೆ ನಿದ್ದೆ ಇಲ್ಲ. ಅಲ್ಲಿ ಬೇರೆ ಯಾರಾದರೂ ಇದ್ದಾರಾ ಅಂತೆಲ್ಲ ಯೋಚನೆ. ಇವರ ರೂಮಿನಲ್ಲೇ ಇರುವ ಕುಂಬಳೆಯ ಹುಡುಗನಿಗೆ ಗುಟ್ಟಾಗಿ ಫೋನ್ ಮಾಡಿ ವಿಚಾರಿಸು ಅಂತಾನೆ ಅಣ್ಣ. ಕುಟುಂಬಶ್ರೀ ಮಹಿಳಾ ಸಂಘದ ಸಾಲದ ಕಂತು ಎರಡು ಬಾಕಿಯಾಗಿದೆ. ಅತ್ತೆಗೆ ಏನೂ ಗೊತ್ತಿಲ್ಲ. ಏನು ಮಾಡಲಿ?
– ಹೆಸರು ಬೇಡ

ಉತ್ತರ: ಮೊದಲು ಆ ಕಣ್ಣಿನ ವಿಷಯ ಮುಗಿಸಿಬಿಡೋಣ. ನಿಮ್ಮ ನಿದ್ದೆ ಕೆಡಿಸಿದ್ದು ಹಣಕ್ಕಿಂತ ಜಾಸ್ತಿ ಅದೇ ಅಲ್ವಾ.

ಬಲಗೈ ರೂಢಿಯವರು ತಮ್ಮ ಬಲಕ್ಕೆ ಮೇಲೆ ನೋಡಿದರೆ ಕಟ್ಟುಕತೆ, ಎಡಕ್ಕೆ ನೋಡಿದರೆ ನೆನಪು ಎನ್ನುವ ಈ ಮಾತು ಅಮೆರಿಕದಲ್ಲಿ 1970ರ ದಶಕದಲ್ಲಿ ಶುರುವಾದ ಎನ್‌ಎಲ್‌ಪಿ ಎಂಬ, ಮಾತಿನ ಮೂಲಕ ಮನಸ್ಸು, ವರ್ತನೆ ಬದಲಿಸಬಹುದು ಎನ್ನುವ ಪದ್ಧತಿಯ ಜೊತೆ ಹಬ್ಬಿದ್ದು. ಬ್ರಿಟನ್ನಿನ ಮನಃಶಾಸ್ತ್ರಜ್ಞ ರಿಚರ್ಡ್ ವೈಸ್‌ಮನ್ ಮತ್ತು ಸಂಗಡಿಗರು ಇದನ್ನು ಪರೀಕ್ಷೆ ಮಾಡಿ 2012ರಲ್ಲಿ ಪ್ರಕಟಿಸಿದರು. ಸುಳ್ಳು ಹೇಳುವವರ ಕಣ್ಣು ಹೋದ ದಿಕ್ಕಿಗೂ ನಿಜ ಹೇಳುವವರದ್ದಕ್ಕೂ ವ್ಯತ್ಯಾಸ ಸಿಗಲಿಲ್ಲ. ಈ ಸೂತ್ರವನ್ನು ಮೊದಲೇ ಹೇಳಿಕೊಟ್ಟ ಗುಂಪಿಗೂ ಸುಳ್ಳು ಹಿಡಿಯುವುದು ಹೆಚ್ಚೇನೂ ಬರಲಿಲ್ಲ. ಕಾಣೆಯಾದ ಮನೆಯವರಿಗಾಗಿ ಪತ್ರಿಕಾಗೋಷ್ಠಿಯಲ್ಲಿ ಅತ್ತು ಬೇಡಿಕೊಂಡವರ ವೀಡಿಯೊಗಳನ್ನೂ ನೋಡಿದರು. ಅವರಲ್ಲಿ ಕೆಲವರು ನಿಜ ಹೇಳಿದ್ದರು, ಕೆಲವರು ಸುಳ್ಳು. ಅಲ್ಲೂ ಕಣ್ಣಿನಿಂದ ಏನೂ ತಿಳಿಯಲಿಲ್ಲ.

ಇನ್ನೊಂದು ತಮಾಷೆ ಕೇಳಿ. ನೀವು ಹೇಳುವ ‘ಬಲ’ ಯಾರ ಬಲ? ಈ ಆ್ಯಪ್‌ಗಳು ಸಾಮಾನ್ಯವಾಗಿ ನಮ್ಮ ಮುಖವನ್ನಷ್ಟೇ ನಮಗೆ ಕನ್ನಡಿಯಂತೆ ತಿರುಗಿಸಿ ತೋರಿಸುತ್ತವೆ. ಎದುರಿನವರನ್ನು ಇದ್ದ ಹಾಗೇ ತೋರಿಸುತ್ತವೆ. ಹಾಗಾಗಿ ನಿಮ್ಮ ಫೋನಿನಲ್ಲಿ ಬಲಕ್ಕೆ ಹೋದ ಕಣ್ಣು ನಿಜಕ್ಕೂ ಹೋದದ್ದು ಅವರ ಎಡಕ್ಕೆ. ರೀಲ್‌ನ ಲೆಕ್ಕದಲ್ಲೇ ನಿಮ್ಮವರು ನಿರಪರಾಧಿ! ಅದನ್ನು ನಂಬಿ ಸಮಾಧಾನಪಡಬೇಡಿ, ಆ ಲೆಕ್ಕವೇ ಸುಳ್ಳು. ಅಲ್ಲದೆ ಬೆಡ್ ಸ್ಪೇಸ್‌ನಲ್ಲಿ (ಹಂಚಿಕೊಂಡ ರೂಮಿನಲ್ಲಿ ಒಂದು ಮಂಚದಷ್ಟು ಬಾಡಿಗೆ ಜಾಗ) ಇರುವವರು ನಾಲ್ಕಾರು ಜನರ ನಡುವೆ ಕುಳಿತು ಮಾತಾಡಬೇಕು. ಯಾರೋ ಒಳಗೆ ಬಂದರು, ಯಾರೋ ಟಿವಿ ಹಾಕಿದರು, ಕಣ್ಣು ಅತ್ತ ಹೋಗುತ್ತದೆ. ಸುಮ್ಮನೆ ನಿಮ್ಮ ಮುಖ ನೋಡುತ್ತಾ ಕುಳಿತರೂ ಕ್ಯಾಮೆರಾ ಮೇಲಿರುವುದರಿಂದ ತಲೆ ತಗ್ಗಿಸಿದ ಹಾಗೆ ಕಾಣುತ್ತದೆ. ವೀಡಿಯೊ ಕಾಲ್‌ನಲ್ಲಿ ಕಣ್ಣಿಗೆ ಕಣ್ಣು ಸೇರುವುದೇ ಇಲ್ಲ.

ಮೂಗು ಉಜ್ಜಿದ್ದಕ್ಕೆ ನಾನು ಒಂದು ವಾಕ್ಯಕ್ಕಿಂತ ಹೆಚ್ಚು ಖರ್ಚು ಮಾಡುವುದಿಲ್ಲ: ಎಸಿ, ಧೂಳು, ನೆಗಡಿ.

ಮುಖ ನೋಡಿ ಸುಳ್ಳು ಹಿಡಿಯುವುದರಲ್ಲಿ ನಾವೆಲ್ಲ ದಡ್ಡರೇ. ಇಂಥ ನೂರಾರು ಪ್ರಯೋಗಗಳನ್ನು ಒಟ್ಟು ಮಾಡಿ ಬಾಂಡ್ ಮತ್ತು ಡಿಪಾಲೊ ಎಂಬಿಬ್ಬರು 2006ರಲ್ಲಿ ಲೆಕ್ಕ ಹಾಕಿದಾಗ, ಜನ ನೂರಕ್ಕೆ 54 ಸಲ ಮಾತ್ರ ಸರಿಯಾಗಿ ಹೇಳಿದ್ದರು. ನಾಣ್ಯ ಚಿಮ್ಮಿದರೂ 50 ಸಿಗುತ್ತದೆ. ನಿಜ ಹೇಳುವವನೂ ‘ಇವಳು ನಂಬುವುದಿಲ್ಲ’ ಎಂಬ ಭಯ ಬಂದರೆ ತಡವರಿಸುತ್ತಾನೆ, ಮುಖ ತಿರುಗಿಸುತ್ತಾನೆ. ನೀವು ನಾಲ್ಕು ತಿಂಗಳಿಂದ ದಿನಾ ಅದೇ ಪ್ರಶ್ನೆ ಕೇಳುತ್ತಾ ಮುಖವನ್ನೇ ದಿಟ್ಟಿಸುತ್ತಿದ್ದರೆ ಯಾರ ಕಣ್ಣು ನೆಟ್ಟಗೆ ನಿಂತೀತು ಹೇಳಿ. ಆರೋಪಿಯ ಒಪ್ಪಿಗೆ ಇಲ್ಲದೆ ಸುಳ್ಳು ಪತ್ತೆ ಯಂತ್ರದ ಪರೀಕ್ಷೆ ಮಾಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2010ರಲ್ಲಿ ಪೊಲೀಸರಿಗೇ ಹೇಳಿದೆ. ನೀವು ಗಂಡನಿಗೆ ಗೊತ್ತಿಲ್ಲದೆ ದಿನಾ ರಾತ್ರಿ ಪರೀಕ್ಷೆ ಇಡುತ್ತಿದ್ದೀರಿ.

ಈಗ ಹಣದ ಮಾತು. 25 ಇದ್ದದ್ದು 12 ಆಗಿದೆ, ಕಂತು ಬಾಕಿಯಾಗಿದೆ. ಇದು ನಿಜವಾದ ವಿಷಯ. ಇದನ್ನು ಕೇಳುವ ಹಕ್ಕು ನಿಮಗೆ ಪೂರ್ತಿ ಇದೆ. ಓವರ್‌ಟೈಮ್ ನಿಂತಿರಬಹುದು, ಸಂಬಳವೇ ತಡವಾಗುತ್ತಿರಬಹುದು, ಸಾಲ ಮಾಡಿಕೊಂಡು ಹೇಳಲು ನಾಚಿಕೆ ಆಗುತ್ತಿರಬಹುದು. ನೀವು ಹೆದರಿದ ಹಾಗೆ ಬೇರೆ ಯಾರೋ ಇರಲೂಬಹುದು, ಇಲ್ಲ ಅಂತ ಇಲ್ಲಿ ಕುಳಿತು ನಾನು ಹೇಳಲಾರೆ. ಆದರೆ ನಿಮ್ಮ ಪತ್ರದಲ್ಲಿ ಅದಕ್ಕೆ ಒಂದು ರೀಲ್ ಬಿಟ್ಟರೆ ಬೇರೆ ಆಧಾರ ಇಲ್ಲ.

ಕುಂಬಳೆಯ ಹುಡುಗನಿಗೆ ಫೋನ್ ಮಾಡಬೇಡಿ. ಒಂದೇ ರೂಮಿನವರ ನಡುವೆ ಗುಟ್ಟು ಎಷ್ಟು ಹೊತ್ತು ನಿಲ್ಲುತ್ತದೆ? ‘ನಿನ್ನ ಹೆಂಡತಿ ನನ್ನನ್ನು ಕೇಳಿದಳು’ ಎನ್ನುವುದನ್ನು ಅವರು ರೂಮಿನವರ ಎದುರು ಕೇಳಿಸಿಕೊಳ್ಳಬೇಕು. ಇರುವ ವಿಷಯವನ್ನೂ ಆಮೇಲೆ ಹೇಳುವುದಿಲ್ಲ. ಅಣ್ಣನಿಗೆ ‘ನಾನೇ ಕೇಳುತ್ತೇನೆ’ ಅನ್ನಿ, ಸಾಕು.

ಕೇಳುವಾಗ ವೀಡಿಯೊ ಬೇಡ, ಬರೀ ಕಾಲ್ ಮಾಡಿ. ನಮಗಿಂತ ಅಲ್ಲಿ ಒಂದೂವರೆ ಗಂಟೆ ಹಿಂದೆ. ಅವರು ಡ್ಯೂಟಿ ಮುಗಿಸಿ, ಉಂಡು, ಹೊರಗೆ ನಡೆಯಲು ಹೋಗುವ ಹೊತ್ತು ನೋಡಿಕೊಳ್ಳಿ. ಯಾಕೆ ಕಡಿಮೆ ಅಂತ ಶುರು ಮಾಡಬೇಡಿ, ಆ ಪ್ರಶ್ನೆಗೆ ಉತ್ತರ ಅವರಿಗೆ ಬಾಯಿಪಾಠ ಆಗಿದೆ. ನಿಮ್ಮ ಲೆಕ್ಕ ಮುಂದಿಡಿ: ‘ಮನೆ ಖರ್ಚು ಇಷ್ಟು, ಕಂತು ಎರಡು ಬಾಕಿ. ಮುಂದಿನ ಆರು ತಿಂಗಳು ಎಷ್ಟು ಬರಬಹುದು ಅಂತ ಗೊತ್ತಾದರೆ ನಾನು ಹೇಗೋ ಹೊಂದಿಸುತ್ತೇನೆ. ಕೆಲಸದಲ್ಲಿ ಏನಾದರೂ ತೊಂದರೆ ಇದ್ದರೆ ನನಗೆ ಹೇಳಿ, ಅಮ್ಮನಿಗೆ ಹೇಳುವುದಿಲ್ಲ.’ ಆಮೇಲೆ ಸುಮ್ಮನಿರಿ. ಅವರು ಮಾತಾಡಲು ತಡ ಮಾಡಿದರೂ ನಡುವೆ ಬಾಯಿ ಹಾಕಬೇಡಿ.

ಸಂಬಳ ಸರಿಯಾಗಿ ಬರುತ್ತಿಲ್ಲ ಎಂದರೆ ಅದಕ್ಕೆ ದಾರಿ ಇದೆ. ಯುಎಇಯಲ್ಲಿ ಖಾಸಗಿ ಕಂಪನಿಗಳು ಸಂಬಳವನ್ನು ಬ್ಯಾಂಕ್ ಅಥವಾ ಅಧಿಕೃತ ಹಣಕಾಸು ಸಂಸ್ಥೆಗಳ ಮೂಲಕವೇ ಕೊಡುವ ವ್ಯವಸ್ಥೆ 2009ರಿಂದ ಇದೆ. ಹಾಗಾಗಿ ಯಾವ ತಿಂಗಳು ಬಂತು, ಬರಲಿಲ್ಲ ಎಂಬುದಕ್ಕೆ ದಾಖಲೆ ಇರುತ್ತದೆ. ಅಲ್ಲಿನ ಕಾರ್ಮಿಕ ಸಚಿವಾಲಯಕ್ಕೆ ಅವರೇ ದೂರು ಕೊಡಬಹುದು. ಭಾರತೀಯ ದೂತಾವಾಸದ ಸಹಾಯ ಕೇಂದ್ರ ದುಬೈಯಲ್ಲೇ ಇದೆ. ನೀವು ಕೇರಳದವರಾದ್ದರಿಂದ, ಪರದೇಶದಲ್ಲಿರುವ ಕೇರಳೀಯರಿಗಾಗಿ ಇರುವ ರಾಜ್ಯ ಸರ್ಕಾರದ ಸಂಸ್ಥೆಯಾದ ನೋರ್ಕಾ ರೂಟ್ಸ್‌ನಲ್ಲೂ ವಿಚಾರಿಸಬಹುದು.

ಇಷ್ಟಾದರೂ ‘ಓವರ್‌ಟೈಮ್ ಇಲ್ಲ’ ಎಂದೇ ನಿಂತರೆ, ಸಂಬಳದ ಸ್ಲಿಪ್ ಕಳಿಸಿ ಅಂತ ನೇರವಾಗಿ ಕೇಳಿ. ಕಂತು ಕಟ್ಟುವವರು ನೀವು, ಕೇಳಿದ್ದರಲ್ಲಿ ತಪ್ಪಿಲ್ಲ. ಅದಕ್ಕೂ ಒಪ್ಪದಿದ್ದರೆ ಅವರು ಮಾತು ಕೇಳುವ ಹಿರಿಯರೊಬ್ಬರನ್ನು ನಡುವೆ ತನ್ನಿ, ತರುತ್ತೇನೆ ಅಂತ ಅವರಿಗೆ ಹೇಳಿಯೇ ತನ್ನಿ.

ಕುಟುಂಬಶ್ರೀಯಲ್ಲಿ ಮಾತ್ರ ಈ ವಾರವೇ ಮಾತಾಡಿ. ಮೂರನೇ ಕಂತು ತಪ್ಪುವ ಮೊದಲು ನೀವಾಗಿಯೇ ಹೇಳಿದರೆ ಅವಧಿ ಕೇಳಲು ಸುಲಭ. ಅಲ್ಲಿಂದ ಸುದ್ದಿ ಅತ್ತೆಯ ಕಿವಿಗೆ ಬೀಳುವ ಮೊದಲು, ಗಂಡನ ಹತ್ತಿರ ಮಾತಾದ ಮೇಲೆ, ಅವರಿಂದಲೇ ಅತ್ತೆಗೆ ಫೋನ್ ಮಾಡಿಸಿ.