ಎರಡೇ ಪೆಗ್ ಅಂತಾರೆ, ನಾನೇ ಜಾಸ್ತಿ ಹೆದರ್ತಿದ್ದೀನಾ?

ಪ್ರಶ್ನೆ: ನಾವು ವಿಜಯಪುರದ ಕಡೆಯವರು, ಈಗ ಪುಣೆಯ ಚಿಂಚವಾಡದಲ್ಲಿದ್ದೇವೆ. ನಮ್ಮ ಮನೆಯವರಿಗೆ 43 ವರ್ಷ. 132 ಕೆಜಿ ಇದ್ದರು. ಎರಡು ವರ್ಷದ ಹಿಂದೆ ತೂಕ ಇಳಿಸಲು ಹೊಟ್ಟೆಯ ಸರ್ಜರಿ, ಗ್ಯಾಸ್ಟ್ರಿಕ್ ಬೈಪಾಸ್, ಮಾಡಿಸಿ 84ಕ್ಕೆ ಇಳಿದರು. ಶುಗರ್ ಮಾತ್ರೆಯೂ ನಿಂತಿತು. ಮೊದಲು ಎಂದಾದರೂ ಪಾರ್ಟಿಯಲ್ಲಿ ಮೂರು ಪೆಗ್ ಕುಡಿಯುತ್ತಿದ್ದರು. ಈಗ ಆರು ತಿಂಗಳಿಂದ ದಿನಾ ರಾತ್ರಿ ಎರಡು. ಅಷ್ಟಕ್ಕೇ ನಾಲಿಗೆ ತೊದಲುತ್ತದೆ. ಬೆಳಗಾದರೆ ತಲೆನೋವಿನ ಮಾತ್ರೆ. ಕೇಳಿದರೆ "ಮೂರಿದ್ದದ್ದು ಎರಡಾಗೇತಲ್ಲ" ಅಂತಾರೆ. ಅತ್ತೆಯೂ ಅವರ ಕಡೆ: "ಊಟಾನೂ ನೆಟ್ಟಗ ಹೋಗಂಗಿಲ್ಲ ಅವಗ, ಇದನ್ನೂ ಬ್ಯಾಡ ಅಂದ್ರ ಹ್ಯಾಂಗ?" ನಾನೇ ಸುಮ್ನೆ ಹೆದರ್ತಿದ್ದೀನಾ?

ಉತ್ತರ: ಇಲ್ಲಮ್ಮ, ನಿಮ್ಮ ಹೆದರಿಕೆಗೆ ಕಾರಣವಿದೆ. ನಿಮ್ಮ ಯಜಮಾನರ ಲೆಕ್ಕವೇ ತಪ್ಪು. ಬೈಪಾಸ್ ಆದಮೇಲೆ ಕುಡಿದದ್ದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ, ಸೀದಾ ಸಣ್ಣ ಕರುಳಿಗೆ ಇಳಿಯುತ್ತದೆ. ಕೆಲವೇ ನಿಮಿಷದಲ್ಲಿ ರಕ್ತಕ್ಕೆ ಏರುತ್ತದೆ. ಬೈಪಾಸ್ ಆದ ಹೆಂಗಸರ ಮೇಲೆ ನಡೆದ ಒಂದು ಅಧ್ಯಯನದಲ್ಲಿ ಎರಡು ಪೆಗ್‌ನಷ್ಟು ಕುಡಿದವರ ರಕ್ತದಲ್ಲಿ ಸುಮಾರು ನಾಲ್ಕು ಪೆಗ್ ಕುಡಿದಷ್ಟು ಮದ್ಯ ಕಂಡಿತ್ತು. ಈಗಿನ ಎರಡು ಹಳೆಯ ಮೂರಕ್ಕಿಂತ ಕಡಿಮೆ ಅಂತ ಹೇಗೆ ನಂಬೋದು?

ತಿನ್ನುವ ಚಟ ಹೋಗಿ ಕುಡಿಯುವ ಚಟ ಬಂತು ಅಂತ ಜನ ಆಡಿಕೊಳ್ತಾರೆ. ಕೆಲವರಲ್ಲಿ ಹಾಗೂ ಇರಬಹುದು. ಆದರೆ ಅಷ್ಟನ್ನೇ ಹೇಳಿದರೆ ಎಲ್ಲ ತಪ್ಪೂ ಅವರ ಮನಸ್ಸಿನದು ಅಂತಾಗುತ್ತದೆ. ಬೇಗ ಏರುವ ನಶೆಗೆ ಚಟವೂ ಬೇಗ ಅಂಟುತ್ತದೆ. ಅಮೆರಿಕದಲ್ಲಿ ತೂಕ ಇಳಿಸುವ ನಾನಾ ಬಗೆಯ ಸರ್ಜರಿ ಆದ 1,945 ಮಂದಿಯನ್ನು ಗಮನಿಸಿದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಮೊದಲ ವರ್ಷ ಕುಡಿತದ ತೊಂದರೆ ಹೆಚ್ಚಲಿಲ್ಲ, ಎರಡನೇ ವರ್ಷ ಹೆಚ್ಚಿತು. ಗಂಡಸರಲ್ಲಿ, ಬೈಪಾಸ್ ಆದವರಲ್ಲಿ ಅಪಾಯ ಜಾಸ್ತಿ. ತೂಕ ಇಳಿಯಿತು, ಎಲ್ಲರೂ ಹೊಗಳಿ ಆಯಿತು, ಡಾಕ್ಟರ ಹತ್ತಿರ ಹೋಗೋದೂ ಕಡಿಮೆಯಾಯಿತು. ಆಗಲೇ ಇದು ಒಳಗೆ ಬರೋದು.

ಒಂದು ಮಾತು ಮಾತ್ರ ಮರೀಬೇಡಿ. ಸಿಟ್ಟಿನಲ್ಲಿ ಬಾಟಲಿ ಮೋರಿಗೆ ಸುರಿಯಬೇಡಿ. ದಿನಾ ಕುಡಿಯುವವರು ಥಟ್ಟನೆ ಬಿಟ್ಟರೆ ಕೈ ನಡುಕ, ಕೆಲವೊಮ್ಮೆ ಫಿಟ್ಸ್ ಕೂಡ ಬರುತ್ತದೆ. ಬಿಡಿಸೋದು ಡಾಕ್ಟರ ಕೈಯಲ್ಲೇ ಆಗಲಿ. ಆ ತಲೆನೋವಿನ ಮಾತ್ರೆಯ ಹೆಸರನ್ನೂ ನೋಡಿ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಆಗಿದ್ದರೆ ಬೈಪಾಸ್ ಆದವರ ಹೊಟ್ಟೆಯಲ್ಲಿ ಹುಣ್ಣಾಗಬಹುದು. ವಾಂತಿ ನಿಲ್ಲದೆ, ನಡಿಗೆ ತೂರಾಡಿ, ಕಣ್ಣು ಎರಡೆರಡು ಕಂಡರೆ ನಶೆ ಅಂತ ಮಲಗಿಸಬೇಡಿ. ಬಿ1 ವಿಟಮಿನ್ ತೀರಾ ಇಳಿದಿರಬಹುದು, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ಮಾತಾಡೋದು ಬೆಳಗ್ಗೆ, ಚಹಾ ಹೊತ್ತಿಗೆ. ರಾತ್ರಿ ಬೇಡ. "ಕುಡುಕ" ಅನ್ನಬೇಡಿ, "ಸರ್ಜರಿ ಚೆಕಪ್‌ಗೆ ಹೋಗೋಣ" ಅನ್ನಿ. ಅದು ಸುಳ್ಳೂ ಅಲ್ಲ. ಡಾಕ್ಟರ ಎದುರು ಮಾತ್ರ ಪೆಗ್ ಲೆಕ್ಕ ಮುಚ್ಚಿಡಬೇಡಿ. ಚಟ ಬಿಡಿಸಲು ನಿಮ್ಮ ಪುಣೆಯಲ್ಲೇ 1986ರಿಂದ ಮುಕ್ತಾಂಗಣ ಅನ್ನೋ ಕೇಂದ್ರ ಇದೆ. ಮರಾಠಿಯಲ್ಲಿ ಮನಸ್ಸು ಬಿಚ್ಚಿ ಮಾತಾಡೋದು ಕಷ್ಟವಾದರೆ ಸರ್ಕಾರದ ಮನಸ್ಸಿನ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್, 14416, ಕನ್ನಡದಲ್ಲೂ ಸಿಗುತ್ತದೆ. ಅವರು ಒಪ್ಪದಿದ್ದರೂ ನೀವೊಬ್ಬರೇ ಕರೆ ಮಾಡಬಹುದು.

ಅತ್ತೆಯ ಮಾತಿಗೆ ಬೇಜಾರಾಗಬೇಡಿ. ಮಗ ಎರಡು ತುತ್ತಿಗೇ ತಟ್ಟೆ ಸರಿಸಿದರೆ ತಾಯಿ ಕರುಳು ಚುರ್ ಅನ್ನುತ್ತೆ. ಅವರನ್ನೂ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಸೊಸೆ ಹೇಳಿದ್ದು ಕೇಳದ ಅತ್ತೆ ಡಾಕ್ಟರು ಹೇಳಿದ್ದು ಕೇಳಬಹುದು. ಅಲ್ಲಿವರೆಗೆ ಸಂಜೆಯಾದರೆ ಬೈಕ್ ಕೀಲಿ ನಿಮ್ಮ ಹತ್ತಿರವೇ ಇರಲಿ.